ಟಿಸಿ ಪಕ್ಕದ ಮನೆ

ಅಳತೆ ಟೇಪು ಹಿಡಿದುಕೊಂಡು ಬಂದ ಇಬ್ಬರು ಟೇಪಿನ ಒಂದು ತುದಿಯನ್ನು ಟಿಸಿ ಕಂಬದ ಬುಡಕ್ಕೆ ಒತ್ತಿದರು. ಇನ್ನೊಂದು ತುದಿಯನ್ನು ಎಳೆದುಕೊಂಡು ನೆಟ್ಟಗೆ ನಮ್ಮ ತೋಟದ ಕೆಲಸದವಳ ಅಡುಗೆಮನೆಯೊಳಗೆ ನಡೆದರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಆ ಉದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಬಂದವರು ಚಪ್ಪಲಿ ಬಿಡಲಿಲ್ಲ, ಬರಬಹುದಾ ಅಂತ ಕೇಳಲಿಲ್ಲ. ಟೇಪು ಒಲೆಯ ತನಕ ಹೋಗಿ ನಿಂತಿತು. "ಬೇಲಿ ಇಲ್ಲೀತನಕ ಬರಬೇಕು ಮೇಡಂ. ಸೇಫ್ಟಿಗೆ ಇಷ್ಟು ಜಾಗ ಬಿಡಲೇಬೇಕು," ಅಂದ ಎಂಜಿನಿಯರ್, ಒಲೆಯ ಮೇಲೆ ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನು ಪೆನ್ನಿನಿಂದ ತೋರಿಸುತ್ತ.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಆ ಜಾಗ ಎಲ್ಲಿಗೆ ಹೋಗಿತ್ತು? ಎಣ್ಣೆ ಸೋರುವಾಗ ಬಾರದ ಟೇಪು, ಬೆಂಕಿ ಹತ್ತುವ ಮುಂಚೆ ಬಾರದ ಟೇಪು, ಈಗ ಒಬ್ಬ ಹೆಂಗಸಿನ ಒಲೆ ಕೀಳೋಕೆ ಮಾತ್ರ ಬಂತಾ?

ನನ್ನ ಬಾಯಿ ದೊಡ್ಡದು ಅಂತ ಬೆಳಗೋಡಿನ ಬಸ್‌ಸ್ಟ್ಯಾಂಡಿನವರೆಗೂ ಗೊತ್ತು. ಆ ಬಾಯಿಯನ್ನೇ ಬಿಚ್ಚಿ ಅವತ್ತು ಕೂಗಾಡಿದೆ. ಆದರೆ ಈ ಕತೆಯಲ್ಲಿ ಬೈಸಿಕೊಳ್ಳಬೇಕಾದವರು ಇಲಾಖೆಯವರು ಮಾತ್ರ ಅಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನನ್ನವರು ತೀರಿಕೊಂಡ ಮೇಲೆ ಏಳು ಎಕರೆ ಕಾಫಿ ತೋಟವನ್ನು ನಾನೇ ನೋಡಿಕೊಂಡು ಬಂದಿದ್ದೇನೆ. ಆಗ ಊರಿಗೆಲ್ಲ ಒಂದೇ ಟಿಸಿ, ಕೆಳಗೆ ರಸ್ತೆ ಬದಿಯಲ್ಲಿ. ನಮ್ಮದು ಲೈನಿನ ಕೊನೆಯ ಮನೆ. ಎಲ್ಲರ ಮನೆಯ ಮೋಟರು, ಮಿಕ್ಸಿ, ಟಿವಿ ಕುಡಿದು ಉಳಿದ ಕರೆಂಟು ನಮಗೆ ಬರುತ್ತಿತ್ತು. ಡಿಸೆಂಬರ್, ಜನವರಿಯಲ್ಲಿ ಕುಯ್ಲಿನ ಕಾಲಕ್ಕಂತೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟರು ಮುಲುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಎರಡು ವರ್ಷ ಸಾಲಾಗಿ ಅದರ ಕಾಯಿಲ್ ಸುಟ್ಟುಹೋಯಿತು. ಕುಯ್ದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಬೇಕು. ಗೋಣಿಯಲ್ಲೇ ಉಳಿದರೆ ಹುಳಿ ಹೊಡೆದು ಇಡೀ ವರ್ಷದ ದುಡಿಮೆ ಕೆಡುತ್ತದೆ. ಅಂಥ ದಿನಗಳಲ್ಲಿ ನಾನು ಮೋಟರಿನ ಮುಂದೆ ಕೂತು ಅತ್ತದ್ದೂ ಉಂಟು.

ಹಾಗಾಗಿ ನಮ್ಮ ಕಡೆ ಟಿಸಿ ಎಷ್ಟು ಹತ್ತಿರವಿದ್ದರೆ ಅಷ್ಟು ಅದೃಷ್ಟ. ಹತ್ತಿರದವರಿಗೆ ಫುಲ್ ವೋಲ್ಟೇಜು, ದೂರದವರಿಗೆ ಮಿಣುಕು ದೀಪ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಟಿಸಿ ಎಷ್ಟು ದೂರ ಅಂತ ಕೇಳುವ ಕಾಲ ಬಂದರೂ ನನಗೆ ಆಶ್ಚರ್ಯವಿಲ್ಲ. ಬೇರೆ ಊರಿನವರು ಅದನ್ನು ಕಂಡು ಹೆದರಿ ದೂರ ಸರಿದರೆ, ನಾವು ಬನ್ನಿ ಬನ್ನಿ ಅಂತ ಮನೆ ಬಾಗಿಲಿಗೇ ಕರೆಯುತ್ತೇವೆ. ನಾನೂ ಕರೆದೆ.

ಹೊಸ ಟಿಸಿ ಮಂಜೂರಾಗಿ ಗುತ್ತಿಗೆದಾರ ಮತ್ತು ಲೈನ್‌ಮನ್ ಜಾಗ ನೋಡೋಕೆ ಬಂದಾಗ ಅವರು ಗೂಟ ಹೊಡೆದದ್ದು ತೋಟದ ಮೇಲಿನ ಕಲ್ಲು ದಿಬ್ಬದಲ್ಲಿ. ಸುತ್ತ ಒಂದು ಮನೆಯಿಲ್ಲ, ಕೊಟ್ಟಿಗೆಯಿಲ್ಲ, ಕುರುಚಲು ಬಿಟ್ಟರೆ ಮರವೂ ಇಲ್ಲ. "ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಕಣಮ್ಮಾ," ಅಂದ ಲೈನ್‌ಮನ್. ನನ್ನ ಲೆಕ್ಕ ಬೇರೆ ಇತ್ತು. ದಿಬ್ಬದಿಂದ ನನ್ನ ಪಲ್ಪರ್ ಶೆಡ್ಡಿಗೆ ಮತ್ತೆ ಉದ್ದಕ್ಕೆ ತಂತಿ ಎಳೆಯಬೇಕು, ಮತ್ತೆ ನಾನೇ ಕೊನೆಯವಳು. ಬಿಸಿಲಲ್ಲಿ ಬಂದಿದ್ದೀರಿ, ಊಟ ಮಾಡಿಕೊಂಡೇ ಹೋಗಿ ಅಂತ ಕೂರಿಸಿದೆ. ನಾಟಿ ಕೋಳಿ ಸಾರು, ಕಡುಬು. ಗುತ್ತಿಗೆದಾರ ಎರಡನೇ ಸಲ ಸಾರು ಬಡಿಸಿಕೊಳ್ಳುವಾಗ ಮೆಲ್ಲಗೆ ಹೇಳಿದೆ: ಆ ಗೂಟ ಕಿತ್ತು ನಮ್ಮ ಕಾಫಿ ಕಣದ ಅಂಚಿಗೆ ಹಾಕಿ.

"ಅಲ್ಲೊಂದು ಮನೆ ಐತಲ್ಲ?" ಅಂದ ಅವನು.

"ಅದು ನಮ್ಮದೇ ಕಣ್ರೀ. ಕೆಲಸದವಳು ಇರೋದು," ಅಂದೆ.

ಆ ಮಾತನ್ನು ನಾನೇ ಆಡಿದ್ದು. ಬೇರೆ ಯಾರ ಮೇಲೂ ಹಾಕೋ ಹಾಗಿಲ್ಲ. ಜಾಗ ಬದಲಿಸಿದ್ದು ನನ್ನ ಕೋರಿಕೆಯಂತೆ ಅಂತ ಗುತ್ತಿಗೆದಾರ ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡ, ನಾನು ಸಹಿ ಹಾಕಿದೆ. ಕೋಳಿ ಸಾರಿನ ಕೈ ತೊಳೆದು ಬಂದು ಅವರೇ ಗೂಟ ಕಿತ್ತು ಕಣದ ಅಂಚಿಗೆ ಹೊಡೆದರು.

ಆ ಮನೆಯಲ್ಲಿದ್ದವಳು ಇಪ್ಪತ್ತು ವರ್ಷದಿಂದ ನಮ್ಮ ತೋಟದಲ್ಲಿ ದುಡಿಯುವ ಹೆಂಗಸು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಹೋಗಿ ಬಹಳ ಕಾಲವಾಯಿತು, ಮಗಳನ್ನು ಹಾನುಬಾಳಿನ ಕಡೆ ಕೊಟ್ಟಿದ್ದಾಳೆ. ನನ್ನ ಅತ್ತೆ ಬದುಕಿದ್ದಾಗ, ಇಲ್ಲೇ ಒಂದು ಗೂಡು ಕಟ್ಟಿಕೋ ಅಂತ ಬಾಯಿಮಾತಲ್ಲಿ ಜಾಗ ತೋರಿಸಿದ್ದರು. ಗಂಡ ಹೆಂಡತಿ ಸೇರಿ ಮಣ್ಣಿನ ಗೋಡೆ ಎಬ್ಬಿಸಿ ಹೆಂಚು ಹೊದಿಸಿದರು. ಅಡುಗೆಮನೆಯನ್ನು ಅವಳೊಬ್ಬಳೇ ಕಟ್ಟಿದ್ದು, ಕೆಲಸ ಬಿಟ್ಟ ಮೇಲಿನ ಸಂಜೆಗಳಲ್ಲಿ, ಒಂದೊಂದೇ ಇಟ್ಟಿಗೆ ಹೊತ್ತು.

ಗೂಟ ಬಿದ್ದ ದಿನ ಅವಳು ಕುಯ್ಲಿಗೆ ಹೋಗಿದ್ದಳು. ಸಂಜೆ ಬಂದು ನೋಡುತ್ತಾಳೆ, ಅಡುಗೆಮನೆ ಗೋಡೆಯಿಂದ ಎರಡು ಮಾರು ದೂರದಲ್ಲಿ ಗೂಟ.

"ಇದೇನಮ್ಮಾವ್ರೇ ಇದು?"

"ಟಿಸಿ ಬರ್ತೈತೆ ಕಣೇ. ನಿನ್ನ ಮನೆ ಬಲ್ಬು ಹಗಲಾದಂಗೆ ಉರೀತದೆ ನೋಡ್ತಿರು," ಅಂದೆ. "ಹಂಗಾ," ಅಂದು ಅವಳು ಒಲೆ ಹಚ್ಚೋಕೆ ಹೋದಳು. ಅವಳನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಟಿಸಿ ಬಂತು. ಪಲ್ಪರ್ ಮೋಟರು ಒಂದೇ ಗುಂಡಿ ಒತ್ತಿದ್ದಕ್ಕೆ ಗಿರ್ರನೆ ತಿರುಗಿತು. ಅವತ್ತು ಪಾಯಸ ಮಾಡಿ ಎಲ್ಲರಿಗೂ ಹಂಚಿದೆ. ಬೇಲಿ ಎಲ್ಲಿ ಅಂತ ಕೇಳಿದ್ದಕ್ಕೆ ಗುತ್ತಿಗೆದಾರ, ಎಸ್ಟಿಮೇಟಿನಲ್ಲಿ ಐತೆ, ಆಮೇಲೆ ಬರ್ತದೆ ಅಂದ. ಜಲ್ಲಿ ಹಾಸಬೇಕಿತ್ತಂತೆ, ಅದೂ ಆಮೇಲೆ. ಬಂದದ್ದು ತಲೆಬುರುಡೆಯ ಚಿತ್ರದ ಒಂದು ಬೋರ್ಡು ಮಾತ್ರ. ಅದನ್ನು ತಂತಿಯಲ್ಲಿ ಸುತ್ತಿ ಕಂಬಕ್ಕೆ ನೇತುಹಾಕಿದರು, ಗಾಳಿಗೆ ಅದು ಹಿಂದುಮುಂದಾಗಿ ತಿರುಗಿಕೊಂಡೇ ಇರುತ್ತಿತ್ತು.

ನಾವಾದರೂ ಸುಮ್ಮನಿದ್ದೆವಾ? ನಮ್ಮ ಮಲೆ ಸೀಮೆಯಲ್ಲಿ ಖಾಲಿ ಜಾಗ ಅಂತ ಒಂದು ಉಳಿಯುವುದೇ ಇಲ್ಲ. ಸಿಲ್ವರ್ ಓಕ್ ಕಪಾತು ಮಾಡಿಸಿದ ಕೊಂಬೆಗಳನ್ನು ನನ್ನ ಆಳುಗಳು ಟಿಸಿ ಬುಡದಲ್ಲೇ ಒಟ್ಟಿದರು, ಒಣಗಲಿ ಅಂತ. ಅವಳು ಸೌದೆ ಪೇರಿಸಿದಳು, ಮೇಕೆ ಕಟ್ಟಿದಳು. ಕಂಬಕ್ಕೆ ಆಸರೆಯಾಗಿ ಎಳೆದಿದ್ದ ಗೈ ತಂತಿಯ ಮೇಲೆ ಯಾರೋ ಗೋಣಿಚೀಲ ಒಣಹಾಕಿದರು. ಕೆಳಗಿನ ಮನೆಯ ಅಜ್ಜ ಬಾಟಲಿ ಹಿಡಿದು ಬರುತ್ತಿದ್ದರು. ಟಿಸಿ ಎಣ್ಣೆ ಮಂಡಿ ನೋವಿಗೆ ರಾಮಬಾಣ ಅಂತ ನಮ್ಮ ಕಡೆ ಎಲ್ಲರ ನಂಬಿಕೆ. ಲೈನ್‌ಮನ್ನೇ ಬಾಟಲಿಗೆ ಹಿಡಿದು ಕೊಡುತ್ತಿದ್ದ. ನಗಬೇಡಿ, ಅರ್ಧ ಬಾಟಲಿ ನಮ್ಮ ಮನೆಗೂ ಬಂತು, ನಾನೂ ತಿಕ್ಕಿಕೊಂಡೆ. ಮಂಡಿ ನೋವು ಹೋಗಲಿಲ್ಲ, ಸೀರೆಯ ಕಲೆಯೂ ಹೋಗಲಿಲ್ಲ.

ಎರಡನೇ ಮಳೆಗಾಲ ಕಳೆದ ಮೇಲೆ ಎಣ್ಣೆ ತಾನಾಗಿಯೇ ಸೋರತೊಡಗಿತು. ಮೊದಲು ಕಂಡವಳು ಅವಳೇ. ದಿನಾ ಪಕ್ಕದಲ್ಲೇ ಮಲಗುವವಳಿಗೆ ಕಾಣದೆ ಇನ್ಯಾರಿಗೆ ಕಾಣುತ್ತದೆ? "ಅಮ್ಮಾವ್ರೇ, ಡಬ್ಬಿ ಅಳ್ತಾ ಐತೆ," ಅಂದಳು. ಹೋಗಿ ನೋಡಿದೆ. ಟಿಸಿಯ ಹೊಟ್ಟೆಯುದ್ದಕ್ಕೂ ಕಪ್ಪು ಗೆರೆ ಇಳಿದು, ಕೆಳಗಿನ ಕೊಂಬೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಫೋನು ಮಾಡಿದೆ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿ, ಜೇಬಿನಿಂದ ಬಟ್ಟೆ ಸೋಪಿನ ತುಂಡು ತೆಗೆದು ಸೋರುವ ಕಡೆ ಮೆತ್ತಿದ.

"ಸೋಪಲ್ಲಿ ನಿಲ್ತದೇನಪ್ಪಾ?"

"ನಿಲ್ಲಲ್ಲ. ಆಫೀಸಲ್ಲಿ ಸಾಮಾನು ಕೊಟ್ಟಿಲ್ಲ, ನಾನೇನ್ ಮಾಡ್ಲಿ ಮಾರಾಯ್ತಿ," ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಊರಿಗೆ ಅವನೊಬ್ಬ, ಅವನ ಕೈಗ್ಲೌಸೂ ಹರಿದಿತ್ತು.

ಸಿಟ್ಟು ಇರುವುದು ಆಫೀಸಿನ ಮೇಲೆ. ಮೂರು ಸಲ ಹೋದೆ. ಮೊದಲನೇ ಸಲ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ, ಎಣ್ಣೆ ಎಲ್ಲ ಕಡೆ ಸೋರ್ತದೆ ಮೇಡಂ, ಅದೊಂದು ದೊಡ್ಡ ವಿಷಯ ಅಲ್ಲ ಅಂದರು. ಮೂರನೇ ಸಲ ಅರ್ಜಿ ಬರೆದುಕೊಟ್ಟು ಸೀಲು ಹಾಕಿಸಿಕೊಂಡು ಬಂದೆ: ಎಣ್ಣೆ ನಿಲ್ಲಿಸಿ, ಬೇಲಿ ಹಾಕಿ ಅಂತ. ಬೇಲಿಗೆ ಗ್ರಾಂಟು ಬಂದಿಲ್ಲವಂತೆ.

ಆ ಆಫೀಸಿನ ಹಿಂದೆಯೇ ಅವರ ಸಬ್‌ಸ್ಟೇಷನ್ ಇದೆ. ಎಷ್ಟು ಚೆಂದ ಇಟ್ಟುಕೊಂಡಿದ್ದಾರೆ ನೋಡಬೇಕು! ಆಳೆತ್ತರದ ಜಾಲರಿ ಬೇಲಿ, ಗೇಟಿಗೆ ಬೀಗ, ನೆಲಕ್ಕೆಲ್ಲ ಜಲ್ಲಿ, ಒಂದು ಎಲೆ ಬಿದ್ದಿರುವುದಿಲ್ಲ. ಅಲ್ಲಿ ಹುಲ್ಲು ಹುಟ್ಟಬೇಕಾದರೂ ಸಾಹೇಬರ ಅನುಮತಿ ಬೇಕೇನೋ. ಒಂದು ಟಿಸಿಗೂ ಇನ್ನೊಂದಕ್ಕೂ ನಡುವೆ ಮದುವೆ ಊಟದ ಪಂಕ್ತಿ ಹಾಕುವಷ್ಟು ಜಾಗ. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರೆ ವಾಚ್‌ಮನ್, ದೂರ ನಿಂತ್ಕಳಮ್ಮಾ, ಡೇಂಜರ್ರು ಅಂದ. ಅವರ ಕಬ್ಬಿಣಕ್ಕೆ ಇಷ್ಟು ಕಾವಲು. ಅದೇ ಎಣ್ಣೆ, ಅದೇ ಬೆಂಕಿ ನಮ್ಮ ಕಣದಲ್ಲಿ ಅವಳ ಒಲೆಯ ಮಗ್ಗುಲಲ್ಲಿತ್ತು. ನಿಯಮ ಅವರಿಗೆ ಗೊತ್ತಿರಲಿಲ್ಲ ಅಂತ ಯಾರೂ ನನಗೆ ಹೇಳಬೇಡಿ. ಗೊತ್ತಿತ್ತು, ಅವರ ಅಂಗಳದಲ್ಲಿ ಪಾಲಿಸುತ್ತಲೂ ಇದ್ದರು.

ಜನವರಿಯ ಒಂದು ಮಧ್ಯಾಹ್ನ ಅದು ಹೊತ್ತಿಕೊಂಡಿತು. ಊರಿನ ಪಲ್ಪರುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಡಂ ಅಂತ ಸದ್ದಾಯಿತು, ನಾನು ಶೆಡ್ಡಿನಿಂದ ಹೊರಗೆ ಬಂದೆ. ಟಿಸಿಯ ನೆತ್ತಿಯಿಂದ ಕಪ್ಪು ಹೊಗೆ, ಉರಿಯುವ ಎಣ್ಣೆ ಕೆಳಗಿನ ಒಣ ಕೊಂಬೆಗಳ ಮೇಲೆ ಸುರಿಯುತ್ತಿತ್ತು. ನನ್ನ ಕೊಂಬೆಗಳು. ಅವಳು ಕಣದಲ್ಲಿ ಕಾಫಿ ಹರಡುತ್ತಿದ್ದವಳು ಹಲಗೆ ಎಸೆದು ಓಡಿದಳು, ನಮ್ಮ ಕಡೆಗಲ್ಲ, ಬೆಂಕಿಯ ಕಡೆಗೆ. ಮೇಕೆ ಅಲ್ಲೇ ಕಟ್ಟಿತ್ತು. ನಾನು ಕೂಗಿದ್ದು ಅವಳಿಗೆ ಕೇಳಲಿಲ್ಲವೋ, ಕೇಳಿದರೂ ನಿಲ್ಲಲಿಲ್ಲವೋ ತಿಳಿಯದು. ಹಗ್ಗ ಬಿಚ್ಚುತ್ತಿದ್ದಾಗ ಕುದಿಯುವ ಎಣ್ಣೆ ಅವಳ ಬಲಗೈ ಮೇಲೆ ಸಿಡಿಯಿತು.

ಲೈನ್‌ಮನ್ ಬೈಕಿನಲ್ಲಿ ಹಾರಿಬಂದು ಕರೆಂಟು ಕಡಿಯುವ ಹ್ಯಾಂಡಲ್ ಎಳೆದ. ಕೊಡ ಹಿಡಿದು ಓಡಿಬಂದವರಿಗೆ, "ನೀರು ಹಾಕ್ಬ್ಯಾಡ್ರೋ, ಎಣ್ಣೆ ಬೆಂಕಿ ಕಣ್ರೋ, ಮಣ್ಣು ಹಾಕಿ," ಅಂತ ಗಂಟಲು ಹರಿಯುವಂತೆ ಕಿರುಚಿದ. ಮಣ್ಣು ಸುರಿದೆವು. ಸೌದೆ ಪೂರಾ ಹೋಯಿತು, ಅಡುಗೆಮನೆಯ ಹಿಂದಿನ ಗೋಡೆ ಕಪ್ಪಾಗಿ ಬಿರುಕು ಬಿಟ್ಟಿತು, ಮಾಡಿನ ಒಂದು ಮೂಲೆ ಕುಸಿಯಿತು. ಅವಳನ್ನು ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಮೇಕೆ ಉಳೀತಲ್ಲ, ಮೇಕೆ ಉಳೀತಲ್ಲ ಅನ್ನುತ್ತಿದ್ದಳು. ಮೊಣಕೈಯಿಂದ ಬೆರಳಿನವರೆಗೆ ಚರ್ಮ ಎದ್ದುಹೋಗಿತ್ತು.

ಇಲ್ಲಿಂದ ಮುಂದಿನದು ಹೇಳೋಕೆ ನನಗೆ ನಾಚಿಕೆಯಾಗುತ್ತದೆ. ಮಾರನೇ ದಿನ ಬೆಳಗ್ಗೆಯೇ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಕೂಗು: ಹಣ್ಣು ಕೊಳೀತಾ ಐತೆ, ಹೊಸ ಟಿಸಿ ಯಾವಾಗ? ಆ ಟಿಸಿಯಿಂದ ಕರೆಂಟು ಪಡೆಯುವ ಹನ್ನೆರಡು ಮನೆಯವರು ನಮ್ಮ ಜಗಲಿಯಲ್ಲಿ ಸೇರಿದರು. ಅದೇ ಜಾಗದಲ್ಲಿ ತಕ್ಷಣ ಬೇರೆ ಟಿಸಿ ಕೂರಿಸಬೇಕು ಅಂತ ಅರ್ಜಿ ಬರೆದೆವು. ಮೊದಲ ಸಹಿ ನನ್ನದು. ಒಬ್ಬರಾದರೂ ಅವಳ ಕೈ ಹೇಗಿದೆ ಅಂತ ಕೇಳಲಿಲ್ಲ. ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಕೆಳಗೆ ನಿಂತಿದ್ದಳು.

"ಮತ್ತೆ ಅಲ್ಲೇ ಇಕ್ತಾರಾ ಅಮ್ಮಾವ್ರೇ?"

"ಕುಯ್ಲು ಮುಗೀಲಿ ಕಣೇ. ಈಗ ಹಣ್ಣು ಉಳಿಸ್ಕಳಾನ," ಅಂದೆ.

ವರ್ಷಗಟ್ಟಲೆ ಬೇಲಿ ಹಾಕೋಕೆ ಆಗದವರು ಎರಡೇ ದಿನಕ್ಕೆ ಹೊಸ ಟಿಸಿ ತಂದು ಕೂರಿಸಿದರು. ಹನ್ನೆರಡು ಮನೆಯ ಕೂಗಿಗೆ ಇಷ್ಟು ಬಲ. ಅವಳು ಒಂದು ಕೈಯಲ್ಲಿ, ಬಿರುಕು ಗೋಡೆಯ ಪಕ್ಕ, ಮತ್ತೆ ಅದೇ ಒಲೆ ಹಚ್ಚಿದಳು.

ಕುಯ್ಲು ಮುಗಿದ ಮೇಲೆ ಬೆಂಕಿಯ ವರದಿ ಮೇಲಕ್ಕೆ ಹೋಗಿ, ಮೇಲಿನಿಂದ ಬೈಗುಳ ಇಳಿದುಬಂತು. ಆಗ ಗ್ರಾಂಟು ಹುಟ್ಟಿತು, ಬೇಲಿ ಹುಟ್ಟಿತು, ಟೇಪು ಹುಟ್ಟಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದವರೇ ಈ ಇಬ್ಬರು. ಹಾಕುವುದಾದರೂ ಎಲ್ಲಿ? ಒಲೆಯ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಟಿಸಿ ಸರಿಸ್ರೀ ಮೊದಲು," ಅಂತ ಕೂಗಿದೆ.

"ಅದು ಸುಲಭ ಅಲ್ಲ ಮೇಡಂ. ಎಸ್ಟಿಮೇಟ್ ಆಗಬೇಕು, ಮಂಜೂರಾತಿ ಬೇಕು, ಲೈನ್ ಬದಲಿಸಬೇಕು. ಮನೆಯಾದರೆ ಹಾಗಲ್ಲ. ಇದಕ್ಕೆ ದಾಖಲೆ ಏನೂ ಇಲ್ಲ, ಜಾಗ ನಿಮ್ಮದು. ತೆಗೆಯೋಕೆ ಒಪ್ಪಿಗೆ ಅಂತ ನೀವೊಂದು ಸಹಿ ಹಾಕಿದರೆ ಸಾಕು."

ಫಾರಂ ನನ್ನ ಮುಂದೆ ಹಿಡಿದ. ಜಾಗದ ಮಾಲೀಕರ ಸಹಿ ಅಂತ ಒಂದು ಗೆರೆ ಇತ್ತು. ಮನೆಯಲ್ಲಿ ಇರುವವರ ಸಹಿಗೆ ಗೆರೆಯೇ ಇರಲಿಲ್ಲ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿಕೊಂಡು, ಸುಟ್ಟ ಕೈಗೆ ಬಟ್ಟೆ ಸುತ್ತಿ ಹಿಡಿದು, ಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯೋಕಾಗುವುದಿಲ್ಲ. ಎಣ್ಣೆ, ಸೋಪು, ಸೀಲು ಹಾಕಿದ ಅರ್ಜಿ, ಅವರ ಚೆಂದದ ಸಬ್‌ಸ್ಟೇಷನ್, ಯಾವುದನ್ನೂ ಬಿಡಲಿಲ್ಲ. ಮನೆಯ ಪಕ್ಕ ಟಿಸಿ ತಂದು ನಿಲ್ಲಿಸಿದ ಬುದ್ಧಿವಂತ ಯಾರ್ರೀ ಅಂತಲೂ ಕೇಳಿದೆ. ಆ ಎಂಜಿನಿಯರ್ ಚಿಕ್ಕ ವಯಸ್ಸಿನವನು, ಹೊಸದಾಗಿ ವರ್ಗವಾಗಿ ಬಂದಿದ್ದ. ನಾನು ಉಸಿರು ತೆಗೆದುಕೊಳ್ಳುವವರೆಗೂ ಸುಮ್ಮನೆ ಕಾದು, ಫೈಲು ತೆರೆದು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಬಿಳಿ ಹಾಳೆ, ನನ್ನ ಸಹಿ.

"ಮೊದಲಿನ ಪ್ಲಾನಿನಲ್ಲಿ ದಿಬ್ಬದ ಮೇಲಿತ್ತು ಮೇಡಂ. ಇಲ್ಲಿಗೆ ಬೇಕು ಅಂತ ಬರೆದುಕೊಟ್ಟವರು ನೀವೇ."

ಕೇಳಿದ ತಕ್ಷಣ ಒಪ್ಪಿಕೊಂಡ ನಿಮ್ಮ ಇಲಾಖೆಗೆ ಕಣ್ಣಿರಲಿಲ್ಲವಾ ಅಂತ ಕೇಳಬಹುದಿತ್ತು. ಕೇಳುವ ಹಕ್ಕೂ ನನಗಿತ್ತು, ಈಗಲೂ ಇದೆ. ಆದರೆ ನನ್ನ ದೊಡ್ಡ ಬಾಯಿ ಅವತ್ತು ಕಟ್ಟಿಹೋಯಿತು. ಅವಳ ಕಡೆ ನೋಡೋಕೂ ಧೈರ್ಯವಾಗಲಿಲ್ಲ. ಫಾರಮ್ಮಿಗೆ ಸಹಿ ಹಾಕುವುದಿಲ್ಲ ಅಂತಷ್ಟೇ ಹೇಳಿ ಕಳಿಸಿದೆ.

ಮಾರನೇ ದಿನ ನಾನೇ ಕೂತು ಬರೆದೆ. ಜಾಗ ಬದಲಿಸಿದ್ದು ನನ್ನ ತಪ್ಪು, ಟಿಸಿಯನ್ನು ಮೊದಲಿನ ಪ್ಲಾನಿನಂತೆ ದಿಬ್ಬಕ್ಕೆ ಸಾಗಿಸಿ, ಖರ್ಚು ನಾನು ಭರಿಸುತ್ತೇನೆ ಅಂತ. ಆಲೂರಿಗೂ ಹಾಸನಕ್ಕೂ ಎಷ್ಟು ಸಲ ಅಲೆದೆನೋ. ಒಂದು ಮಳೆಗಾಲ ಪೂರಾ ಅದರಲ್ಲೇ ಹೋಯಿತು. ಊರಿನವರು ನನ್ನ ಮೇಲೆ ಹಲ್ಲು ಮಸೆದರು. "ಒಬ್ಬ ಆಳಿಗೋಸ್ಕರ ಹನ್ನೆರಡು ಮನೆ ವೋಲ್ಟೇಜ್ ಕಳೆದ್ಬುಟ್ಟಳು," ಅಂತ ಪಕ್ಕದ ತೋಟದವರು ಹಾಲಿನ ಡೈರಿಯಲ್ಲಿ ನನಗೆ ಕೇಳುವಂತೆಯೇ ಹೇಳಿದರು. ನಾನು ಬಿಡಲಿಲ್ಲ.

ಕೊನೆಗೂ ಟಿಸಿ ದಿಬ್ಬ ಹತ್ತಿತು. ಈಗ ಅದರ ಸುತ್ತ ಜಾಲರಿ ಬೇಲಿ, ಬೀಗ ಹಾಕಿದ ಗೇಟು, ಕಾಲಡಿಗೆ ಜಲ್ಲಿ, ನಾಲ್ಕೂ ಕಡೆ ಬೇಕಾದಷ್ಟು ಜಾಗ. ಪಲ್ಪರ್ ಮೋಟರು ಮತ್ತೆ ಮುಲುಗುತ್ತದೆ, ಸಂಜೆ ಹೊತ್ತು ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ಓಡಿಸಿಕೊಳ್ಳುತ್ತೇವೆ. ಅದನ್ನು ಮೊದಲೇ ಮಾಡಬಹುದಿತ್ತು.

ಹಳೆಯ ಕಂಬಗಳನ್ನು ಕಿತ್ತ ದಿನ ನಾನು ಅವಳ ಮನೆಗೆ ಹೋದೆ. ಸ್ವಲ್ಪ ಹೆಮ್ಮೆಯಿಂದಲೇ ಹೋದೆ ಅಂತ ಒಪ್ಪಿಕೊಳ್ಳುತ್ತೇನೆ. ಅವಳು ಬಿರುಕು ಗೋಡೆಗೆ ಎಡಗೈಯಲ್ಲಿ ಮಣ್ಣು ಮೆತ್ತುತ್ತಿದ್ದಳು. ಬಲಗೈ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

"ನೋಡೇ, ನಿನ್ನ ಮನೆ ಉಳೀತು," ಅಂದೆ.

"ಉಳೀತು ಅಮ್ಮಾವ್ರೇ. ನೀವು ಓಡಾಡಿದ್ದು ನಾನು ಕಂಡಿಲ್ವಾ?" ಅಂದಳು. ಕೈಯ ಮಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ತರುವಾಗ ನೀವೇ ತಂದ್ರಿ, ತೆಗೆಯುವಾಗ ನೀವೇ ತೆಗೆಸಿದ್ರಿ. ಆ ಸಾಹೇಬ್ರು ಸಹಿ ಕೇಳಿದ್ದೂ ನಿಮ್ಮನ್ನೇ. ನೀವು ಹಾಕಲಿಲ್ಲ, ನಾನು ಉಳಕಂಡೆ. ನಾಳೆ ನಿಮ್ಮ ಮನಸ್ಸು ಬ್ಯಾರೆ ಆದ್ರೆ? ಈ ಮನೆ ನಿಂತಿರೋ ಅಷ್ಟು ಜಾಗ ನನ್ನ ಹೆಸ್ರಿಗೆ ಬರ್ಕೊಡ್ತೀರಾ?"

ನನಗೆ ಸಿಟ್ಟು ಬಂತು. ಇಷ್ಟು ಮಾಡಿದ ಮೇಲೂ ಇವಳಿಗೆ ಸಾಲದೇ ಅನ್ನಿಸಿತು. ಊರನ್ನೇ ಎದುರು ಹಾಕಿಕೊಂಡೆನಲ್ಲ! ಆದರೆ ಬಾಯಿಂದ ಬಂದದ್ದು ಆ ಸಿಟ್ಟೂ ಅಲ್ಲ. "ಮೈದುನನ್ನ ಒಂದು ಮಾತು ಕೇಳ್ಬೇಕು ಕಣೇ," ಅಂದೆ.

"ಆಗ್ಲಿ, ಕೇಳಿ," ಅಂದು ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

ಮೈದುನನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಪಹಣಿ ನನ್ನೊಬ್ಬಳ ಹೆಸರಲ್ಲಿದೆ, ಅದು ಅವಳಿಗೂ ಗೊತ್ತು.